ಗುರುತು ಬೀಳದ ಸಾಲು

ಕಂಪ್ಯೂಟರುಗಳ ನಡುವಿನ ಮಾತು ಮೂರನೆಯವರ ಕಿವಿಗೆ ಬೀಳದಂತೆ ಗೂಢಲಿಪಿಗೆ ತಿರುಗಿಸುವ ತಂತ್ರಾಂಶವೊಂದನ್ನು ಮಾವ ಹಿಂದೆ ಬರೆದಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆದರೆ ಈ ಹೆಗ್ಗಣವನ್ನು ಎಷ್ಟೋ ಆಸ್ಪತ್ರೆ, ಕಚೇರಿಗಳೂ ನಂಬಿಕೊಂಡಿದ್ದವು. ನೋಡಿಕೊಳ್ಳುವವರು ಮಾತ್ರ ಮಾವ, ಸೊಸೆ ಇಬ್ಬರೇ. ಹೊಸದೇನು ಸೇರಿಸಿದರೂ ಹಾಳೆಗಳ ಮೇಲೆ ಪ್ರಿಂಟ್ ತೆಗೆದು, ಊಟದ ಮೇಜಿಗೆ ಕುಳಿತು, ಒಂದು ಸಾಲು ಅವರು, ಒಂದು ಸಾಲು ಇವಳು ಗಟ್ಟಿಯಾಗಿ ಓದಬೇಕು. ಓದಿದ ಸಾಲಿಗೆ ಅವರದು ಕೆಂಪು ಗುರುತು, ಇವಳದು ನೀಲಿ. "ಶುರುವಾಯ್ತು ಪಾರಾಯಣ," ಎಂದು ಗಂಡ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ. ಅವಳಿಗೆ ದಿನದಲ್ಲಿ ಅದಕ್ಕಿಂತ ಸುಖದ ಹೊತ್ತು ಬೇರೆ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಪರಿಚಯವಿಲ್ಲದ ಒಬ್ಬಾಕೆಯಿಂದ ಇಮೇಲ್ ಬಂತು. ಕಂಪ್ಯೂಟರೊಂದು ತಾನು ಯಾರೆಂದು ತೋರಿಸಲು ಕಳಿಸುವ ಪ್ರಮಾಣಪತ್ರವನ್ನು ಒಳಗೇನೂ ಇಲ್ಲದೆ ಖಾಲಿ ಕಳಿಸಿದರೆ ಸಾಕು, ತಂತ್ರಾಂಶ ಕುಸಿದುಬೀಳುತ್ತಿತ್ತು. ಗುಟ್ಟೇನೂ ಸೋರುತ್ತಿರಲಿಲ್ಲ, ಬಾಗಿಲು ಕಾಯುವವನೇ ಮೂರ್ಛೆ ಹೋದ ಹಾಗೆ. ಆದರೆ ಕೇಡು ಬಯಸಿದವರು ಒಂದು ಆಸ್ಪತ್ರೆಯ ಕೆಲಸವನ್ನೇ ದಿನವಿಡೀ ನಿಲ್ಲಿಸಬಹುದಿತ್ತು.

ಸೊಸೆ ಅಟ್ಟದಿಂದ ಎಂಟು ವರ್ಷದ ಹಿಂದೆ ಓದಿಟ್ಟ ಹಾಳೆಗಳ ಕಟ್ಟು ಇಳಿಸಿ ಆ ಭಾಗ ಹುಡುಕಿದಳು. ಕೆಂಪು, ನೀಲಿ, ಕೆಂಪು, ಆಮೇಲೆ ಗುರುತೇ ಇಲ್ಲದ ಒಂದು ಸಾಲು, ಮತ್ತೆ ಕೆಂಪು. ತಪ್ಪು ಅದೇ ಸಾಲಿನಲ್ಲಿತ್ತು. ಅವಳಿಗೆ ನೆನಪಾಯಿತು. ಅವತ್ತು ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡಿದ್ದಳು. ಓದಿಯೇ ಎದ್ದಳೆಂದು ಮಾವ ತಮ್ಮ ಸಾಲಿಗೆ ಹೋಗಿದ್ದರು. ಬಂದವಳು ಅವರ ಬೆರಳು ಎಲ್ಲಿತ್ತೋ ಅಲ್ಲಿಂದ ಮುಂದುವರಿಸಿದ್ದಳು.

ತಿದ್ದುವುದು ಕಾಲು ಗಂಟೆಯ ಕೆಲಸ. ಹೇಳುವುದೇ ಕಷ್ಟ. "ನಮ್ಮ ಓದಿನಿಂದ ತಪ್ಪಿಸ್ಕೊಂಡು ಒಂದೇ ಒಂದು ತಪ್ಪು ಹೊರಗೆ ಹೋದ್ರೂ ಅವತ್ತೇ ಈ ಕೆಲಸ ಬಿಟ್ಟೆ," ಎಂದು ಮಾವ ಬಂದವರೆದುರಿಗೆಲ್ಲ ಹೇಳುತ್ತಿದ್ದರು. ಕೊಟ್ಟ ಮಾತಿಗೆ ತಪ್ಪುವ ಜೀವವಲ್ಲ ಅದು. ಇನ್ನು ಆ ಓದು ಮುಗಿಯಿತೆಂದು ಅವಳಿಗೆ ಅಳುವೇ ಬಂತು. ಆದರೂ ಹಾಳೆ ತಂದು ಅವರ ಮುಂದಿಟ್ಟಳು.

"ಮಾವ, ಇದು ನನ್ನ ಸಾಲು. ನಾನು ಓದ್ಲಿಲ್ಲ."

ಅವರು ಕನ್ನಡಕ ಒರೆಸಿ, ಹಾಳೆಯನ್ನು ಮೂಗಿನ ತನಕ ತಂದು ನೋಡಿದರು.

"ತಿದ್ದಿದೀಯೇನಮ್ಮ?"

"ಹೂಂ. ಪ್ರಕಟಣೆನೂ ಬರ್ದಿದೀನಿ. ತಪ್ಪು ನನ್ನದು ಅಂತ."

"ನನ್ನ ಹೆಸರೂ ಸೇರ್ಸು. ಓದ್ದೆ ಇದ್ದೋಳು ನೀನು, ಕೇಳಿಸ್ಕೊಳ್ದೆ ಮುಂದಕ್ಕೆ ಹೋದೋನು ನಾನು. ಹುಡುಕಿಕೊಟ್ಟ ಪುಣ್ಯಾತ್ಗಿತ್ತಿಗೂ ಒಂದು ಥ್ಯಾಂಕ್ಸ್ ಬರಿ."

ಮಧ್ಯಾಹ್ನ ತಿದ್ದಿದ ಆವೃತ್ತಿ ಹೊರಬಿತ್ತು. ಸಂಜೆಯೊಳಗೆ ಹಾಕಿಕೊಂಡೆವೆಂದು ಅಲ್ಲಲ್ಲಿಂದ ಉತ್ತರ ಬಂತು. ಸೊಸೆ ಕಟ್ಟು ಎತ್ತಿಕೊಂಡು ಅಟ್ಟದ ಕಡೆ ಹೊರಟಳು.

"ಅದನ್ಯಾಕೆ ಎತ್ತಿಡ್ತೀಯ? ಇಂಥ ಸಾಲು ಇನ್ನೆಷ್ಟಿದ್ಯೋ. ಎಲ್ಲಾ ಕಟ್ಟೂ ಇಳಿಸು, ಮೊದಲನೇ ಹಾಳೆಯಿಂದ ಓದೋಣ."

"ಅಷ್ಟೂನಾ? ದಿನಾ ಕೂತ್ರೂ ಆರು ವರ್ಷ ಬೇಕು ಮಾವ." ಅವಳು ಅಳುಕುತ್ತಲೇ ಕೇಳಿದಳು, "ಕೆಲಸ ಬಿಡ್ತೀನಿ ಅಂದಿದ್ರಲ್ಲ?"

"ಬಿಡ್ತೀನಿ. ಇದೊಂದು ಮುಗೀಲಿ, ಬಿಡ್ತೀನಿ."

ಅವಳು ಮೊದಲನೇ ಕಟ್ಟು ಇಳಿಸಿ ತಂದು, ಎದುರಿನ ಕುರ್ಚಿ ಎಳೆದುಕೊಂಡು ಕುಳಿತಳು. ಎಪ್ಪತ್ತೆಂಟರ ಮಾವ ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಓದಿದರು.