ಚಾಂಬೋ, ಚಾಂಬಾ
ನ್ಖೋಟಕೋಟದ ಸರೋವರದ ದಂಡೆಯಲ್ಲಿ ಯಾರ ತಲೆ ಕೆಟ್ಟರೂ ಜನ ಕೊಡುವ ಕಾರಣ ಒಂದೇ: ಚಾಂಬಾ. ಗಾಂಜಾಕ್ಕೆ ಅಲ್ಲಿನ ಹೆಸರು ಅದು. ಬೀದಿಯಲ್ಲಿ ನಿಂತು ಮಸೌಕೊ ಅತ್ತರೆ ಚಾಂಬಾ, ನಕ್ಕರೆ ಚಾಂಬಾ, ಸುಮ್ಮನೆ ಕೂತರೂ ಚಾಂಬಾ. ಊರ ಬಾಯಿಗೆ ಬೀಗ ಹಾಕುವವರು ಯಾರು?

ಅವನ ಅಕ್ಕ ಫಲೇಸಿಯೂ ಹಾಗೇ ನಂಬಿದ್ದಳು. ಆದರೆ ಮಳೆ ಶುರುವಾದಾಗ ಅವನು ಸೇದುವುದನ್ನು ಬಿಟ್ಟ. ಬಿಟ್ಟ ಮೇಲೂ ಬೆಳಿಗ್ಗೆ "ನೀನೇ ನನ್ನ ತಾಯಿ" ಎಂದವನು, ಕರೆದಾಗ ಅವಳು ಓಗೊಡಲಿಲ್ಲ ಎಂದು ಮಧ್ಯಾಹ್ನ ತಟ್ಟೆ ಎಸೆದು "ಮಾಟಗಾತಿ" ಎನ್ನುತ್ತಿದ್ದ. ಆಸ್ಪತ್ರೆಯ ನರ್ಸಮ್ಮ ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು.

"ಇದು ಅವನ ವ್ಯಕ್ತಿತ್ವಕ್ಕೇ ಅಂಟಿರೋ ಕಾಯಿಲೆ ಕಣಮ್ಮ. ಹೊಗೆಗಿಂತ ಮೊದಲೇ ಇತ್ತು. ನೋವು ತಡೀಲಾರದೆ ಸೇದಿದ, ಸೇದಿ ಸೇದಿ ಗಾಯಾನ ಇನ್ನೂ ಕೆದರಿಕೊಂಡ. ಬಿಟ್ಟಿದ್ದು ಒಳ್ಳೇದೇ ಆಯ್ತು. ಆದ್ರೆ ತನ್ನೋರು ಕೈಬಿಟ್ರು ಅನ್ನಿಸ್ತೋ, ಅವನಿಗೆ ಬದುಕೇ ಬೇಡ ಆಗುತ್ತೆ. ಬೈಯಿ, ಜಗಳ ಆಡು, ಹೊರಗೆ ಮಾತ್ರ ಹಾಕ್ಬೇಡ."

ಹೋದ ವರ್ಷ ಅವನನ್ನು ಸರೋವರದಿಂದ ಎಳೆದು ಉಳಿಸಿದ್ದರು. ಫಲೇಸಿಗೆ ಬೇರೆ ತಮ್ಮಂದಿರಿಲ್ಲ.

ಒಂದು ದಿನ ಹೀಗೇ ದೊಡ್ಡ ರಂಪ ಮಾಡಿ ಅವಳನ್ನು ಬೈದಿದ್ದ. ಮರುದಿನ ಬೆಳಿಗ್ಗೆ ಅವಳು ಬಿದಿರಿನ ಅಟ್ಟಣೆಯ ಮೇಲೆ ಸಣ್ಣ ಮೀನು ಹರವುತ್ತಿದ್ದಾಗ ನೆರೆಮನೆಯ ನಾಫಿರಿ ದೂರದಿಂದಲೇ ಕೂಗಿದಳು. ಗಾಳಿಯೋ ಗಾಳಿ.

"ಏ ಫಲೇಸಿ, ನಿನ್ನ ತಮ್ಮ ಹೋದ ಕಣೇ! ಚಾಂಬಾ ತರೋಕೆ ಹೋಗ್ತಿದೀನಿ, ಅಕ್ಕಂಗೆ ಹೇಳಿ ಅಂದ!"

"ಏನ್ ತರೋಕೆ?"

"ಚಾಂಬಾ ಕಣೇ, ಕಿವುಡಿ! ಹೇಳಿ ಬೇರೆ ಹೋಗ್ತಾನೆ ನೋಡು, ಮರ್ಯಾದಸ್ಥ!"

ಅಟ್ಟಣೆಗಳ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಫಲೇಸಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಇದಕ್ಕಾ? ನೇರ ಮನೆಗೆ ಹೋಗಿ ಅವನ ಚಾಪೆ, ಹೊದಿಕೆ, ಅಂಗಿಗಳನ್ನು ಅಂಗಳಕ್ಕೆಸೆದು, "ತೊಲಗಲಿ ಪೀಡೆ" ಎಂದು ಅಗುಳಿ ಹಾಕಿಕೊಂಡಳು. ಆಮೇಲೆ ಒಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತಳು, ಪಾಪ.

ಬಿಸಿಲು ಇಳಿಯುವ ಹೊತ್ತಿಗೆ ಹೊರಗಿನಿಂದ "ಓಡೀ?" ಎಂಬ ದನಿ ಬಂತು. ಬರಲೇ ಎಂದು ಪರಸ್ಥಳದವರು ಅಂಗಳದಲ್ಲಿ ನಿಂತು ಕೇಳುವ ಮಾತದು, ಮನೆಯವರು ಕೇಳುವುದಲ್ಲ. ಕೇಳಿದವನು ಮಸೌಕೊ. ಫಲೇಸಿ ತುಟಿ ಬಿಗಿಹಿಡಿದು ಕೂತಳು. ಅವನು ಕೂಗಾಡಬೇಕಿತ್ತು, ಬಾಗಿಲು ಒದೆಯಬೇಕಿತ್ತು. ಸದ್ದೇ ಇಲ್ಲ. ಅವಳು ದಡಬಡಿಸಿ ಎದ್ದಳು.

ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ನಾರಿಗೆ ಪೋಣಿಸಿದ ಎರಡು ಕೊಬ್ಬಿದ ಮೀನು. ಬೆಳಗಿನಿಂದ ಯಾರದೋ ಬಲೆ ಎಳೆದರೆ ಕೂಲಿಗೆ ಸಿಗುವ ಮೀನು. ಚಾಂಬೋ! ಅಯ್ಯೋ ದೇವರೇ, ಚಾಂಬಾ ಅಲ್ಲ, ಚಾಂಬೋ. ಅವನ ಮಾತಿನ ಕೊನೆಯ ಸ್ವರ ನಾಫಿರಿಯ ಕಿವಿ ತಲುಪುವ ಮೊದಲೇ ಗಾಳಿಗೆ ಹಾರಿಹೋಗಿತ್ತು. ನಿನ್ನೆಯ ಬೈಗುಳಕ್ಕೆ ಅವನು ಕೇಳಿದ ಕ್ಷಮೆ ಅದು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಕೇಳಿಸಿಕೊಂಡೇ ಹೋಯಿತು.

ಫಲೇಸಿ ಬಿದ್ದಂಬೀಳ ಸರೋವರದತ್ತ ಓಡಿದಳು. ಮಸೌಕೊ ಮೊಣಕಾಲುದ್ದ ನೀರಿನಲ್ಲಿ ಬೆನ್ನು ಹಾಕಿ ನಿಂತಿದ್ದ. ಅವಳು ಮರಳಿನಲ್ಲಿ ಮಂಡಿಯೂರಿದಳು. ಅಲ್ಲಿ ಹೆಂಗಸರು ಹಿರಿಯರ ಮುಂದೆ ಮಂಡಿಯೂರುತ್ತಾರೆ; ತಮ್ಮನ ಮುಂದೆ ಅಕ್ಕ ಮಂಡಿಯೂರಿದ್ದನ್ನು ಯಾರೂ ಕಂಡಿರಲಿಲ್ಲ.

"ತಪ್ಪಾಯ್ತೋ ತಮ್ಮಾ. ನಾಫಿರಿ ಚಾಂಬಾ ಅಂದ್ಲು, ನಂಬಿಬಿಟ್ಟೆ."

"ನೀನೂ ನಂಬಿದೆ." ಅವನು ತಿರುಗಲಿಲ್ಲ. "ನಿನಗೆ ನಾನು ಬೇಡ."

"ಬೇಕು ಕಣೋ. ನೀನು ಬೇಕು."

ಆಗ ತಿರುಗಿದ. "ಸುಳ್ಳಿ! ಮಾಟಗಾತಿ! ನಾಳೆ ಮತ್ತೆ ಚಾಪೆ ಆಚೆ ಹಾಕ್ತೀಯ!" ದಂಡೆಯಲ್ಲಿದ್ದವರೆಲ್ಲ ತಲೆಯೆತ್ತಿ ನೋಡುವಂತೆ ಅರಚಿದ. ಫಲೇಸಿಗೆ ಹೋದ ಜೀವ ಬಂತು. ಅರಚುವವನನ್ನು ಹೇಗಾದರೂ ಮನೆಗೆ ಕರೆದೊಯ್ಯಬಹುದು.

"ಹಾಕಿದ್ರೂ ಹಾಕ್ತೀನೇನೋ," ಎಂದಳು. "ನನ್ನ ಕೋಪ ನಿನಗೆ ಗೊತ್ತಿಲ್ವಾ? ಆಣೆ ಗೀಣೆ ಇಡಲ್ಲ. ನಾನು ಆಚೆ ಎಸೆದ್ರೆ ನೀನು ಒಳಗೆ ಎಸಿ. ಹೋಗು ಅಂದ್ರೆ ಹೋಗ್ಬೇಡ. ಬಾಗಿಲು ಮುರಿದು ಬಾ."

"ಮುರಿದ್ರೆ ಬೈತೀಯ."

"ಬೈತೀನಿ."

ಮಸೌಕೊ ನೀರಿನಿಂದ ಹೊರಗೆ ಬಂದ.