ಹಿಡಿಯೊಳಗಿನ ಗುರುತು

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಸರಿಯಾಗಿ ಹೇಳಲ್ಲ, ಅದಕ್ಕೆ ನಾನೇ ಹೇಳ್ತೀನಿ. ಹಳೇ ಚಾಕು ಒಂದನ್ನ ನನ್ನ ಕೈಗೆ ಕೊಡಿ. ಅದು ಎಲ್ಲಿ ಹುಟ್ಟಿದ್ದು, ಎಂಥ ಅಡುಗೆಮನೆಯಲ್ಲಿ ಬದುಕಿದ್ದು, ಎಷ್ಟು ಜನ ದಡ್ಡರ ಕೈಗೆ ಸಿಕ್ಕಿ ನರಳಿದ್ದು ಎಲ್ಲ ಹೇಳ್ತೀನಿ. ಈ ಗಲ್ಲಿಯಲ್ಲಿ ನನ್ನನ್ನ ಸಾಣೆಯಕ್ಕ ಅಂತಾರೆ. ಅಂಗಡಿ ಅಪ್ಪನ ಕಾಲದ್ದು. ಅರ್ಧದಲ್ಲಿ ನನ್ನ ಸಾಣೆ ಕಲ್ಲು, ಹಳೇ ಚಾಕು ಇಡೋ ಕಪಾಟು. ಇನ್ನರ್ಧದಲ್ಲಿ ನಮ್ಮವರು ಕುಕ್ಕರ್ ರಿಪೇರಿ ಮಾಡ್ತಾರೆ. ಅವರ ಕುಕ್ಕರು ಶಿಳ್ಳೆ ಹಾಕೋವಷ್ಟೂ ಅವರು ಮಾತಾಡಲ್ಲ.

ಮೊನ್ನೆ ಸೋಮವಾರ ಒಬ್ಬ ಹೋಟೆಲ್ ಮಾಲೀಕ ಮಖಮಲ್ ಹಾಸಿದ ಪೆಟ್ಟಿಗೆ ತಂದ. ಒಳಗೆ ಆರು ಚಾಕು. "ಎಲ್ಲಾ ಹಳೇ ಫ್ರೆಂಚ್ ಸರಕು. ಹೆಸರು ನೋಡಿ ಬೇಕಾದ್ರೆ" ಅಂದ.

"ಹೆಸರು ಕೊನೆಗೆ ನೋಡೋದು ಸ್ವಾಮಿ" ಅಂದೆ. "ಅಲ್ಲಿ ಚಾಕು ಮಾಡೋ ಊರಲ್ಲಿ ಒಂದೇ ಹೆಸರಿನ ಅಚ್ಚನ್ನ ಹತ್ತಾರು ಮನೆಯವರು ಹೊಡೀತಿದ್ರು. ಹೆಸರು ನೋಡಿ ಕೊಳ್ಳೋದಾದ್ರೆ ನಾನ್ಯಾಕೆ ಬೇಕು, ಓದೋಕೆ ಬರೋರು ಸಾಕು."

ಒಂದನ್ನ ಎತ್ತಿ ಬೆನ್ನ ಕಡೆಯಿಂದ ನೋಡಿದೆ. ಬಡಿದು ಮಾಡಿದ ಹಳೇ ಚಾಕು ಹಿಡಿ ಹತ್ತಿರ ದಪ್ಪ ಇದ್ದು, ತುದಿಗೆ ಹೋಗ್ತಾ ತೆಳ್ಳಗಾಗ್ತದೆ. ಇವನದು ಅಳತೆಪಟ್ಟಿಯ ಹಾಗೆ ಎಲ್ಲಾ ಕಡೆ ಒಂದೇ ದಪ್ಪ. ಹಿಡಿಯೂ ಅಲಗೂ ಸೇರೋ ಕಡೆ ಬೆರಳು ಜಾರದ ಹಾಗೆ ಒಂದು ದಪ್ಪ ಗಂಟು ಇರಬೇಕು. ಇವನದಕ್ಕೆ ಅದು ಬೇರೆ ಕಬ್ಬಿಣ, ಅಂಟಿಸಿದ್ದು. ಕೊನೆಗೆ ಒಂದು ಈರುಳ್ಳಿ ಹೆಚ್ಚಿ ಹಾಗೇ ಇಟ್ಟೆ. ಹಳೇ ಉಕ್ಕಾದ್ರೆ ಒಂದು ಟೀ ಕುಡಿಯೋದ್ರೊಳಗೆ ಕಪ್ಪು ಕಲೆ ಬೀಳ್ತದೆ. ನಾವು ಟೀ ಕುಡಿದ್ವಿ. ಚಾಕು ಮದುಮಗನ ಥರ ಥಳಥಳ ಅಂತಲೇ ಇತ್ತು.

"ಸೌತೆಕಾಯಿ ಹೆಚ್ಚೋಕೆ ಬೇಜಾನಾಯ್ತು" ಅಂದೆ. ಎದುರಂಗಡಿಯ ಬೀಗದಣ್ಣ ನಕ್ಕ. ಮಾಲೀಕ ಪೆಟ್ಟಿಗೆ ಮುಚ್ಚಿಕೊಂಡು ಹೋದ. ನನಗಂತೂ ಹೊಟ್ಟೆ ತುಂಬಿದ ಹಾಗಾಯ್ತು.

ಅದೇ ಮಧ್ಯಾಹ್ನ ನಮ್ಮವರು ಪೇಪರಿನಲ್ಲಿ ಸುತ್ತಿದ ಏನನ್ನೋ ಹಿಡಿದು, ಲೋಟ ಒಡೆದ ಮಗುವಿನ ಹಾಗೆ ನನ್ನ ಮುಂದೆ ನಿಂತ್ರು.

"ಅಕ್ಕ ಕೊಟ್ಟಳು. ಹಿಡಿ ಬಿರುಕು ಬಿಟ್ಟಿದೆಯಂತೆ. ಶನಿವಾರದೊಳಗೆ ಹೊಸದು ಹಾಕಿಸಬೇಕಂತೆ."

"ಮತ್ತೇನಂದ್ರು?"

"ಏನೂ ಇಲ್ಲ."

"ಏನೋ ಅಂದಿರ್ತಾರೆ."

ಅವರು ಕುಕ್ಕರಿನ ಮುಚ್ಚಳ ನೋಡಿದ್ರು. "ಹಿಡಿ ಸಾಕು, ಅಭಿಪ್ರಾಯ ಬೇಡ ಅಂದಳು."

ಈ ಅಕ್ಕ ಅಂದ್ರೆ ನನಗೆ ಅತ್ತಿಗೆ, ನಮ್ಮವರ ಒಡಹುಟ್ಟಿದ ಅಕ್ಕ. ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷದಿಂದ ಕೆಲಸ, ಈಗ ಅಲ್ಲಿಗೆ ಅವರೇ ಯಜಮಾನಿ. ನಮ್ಮ ಮನೆಯ ಮಹಡಿ ಮೇಲೆ ಅವರು, ಕೆಳಗೆ ನಾವು. ಈ ಮದುವೆ ಮಾಡಿಸಿದ್ದೂ ಅವರೇ. ಒಂದು ದಿನ ತಾವಾಗಿ ಅಪ್ಪನ ಹತ್ತಿರ ಬಂದು, ನನ್ನನ್ನ ತಮ್ಮನಿಗೆ ಕೊಡಿ ಅಂತ ಕೇಳಿದ್ರು. ನನ್ನಲ್ಲಿ ಏನು ಕಂಡ್ರೋ ನನಗೆ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ದಿನಾ ಸಂಜೆ ಐದಕ್ಕೆ ಇಬ್ಬರೂ ಕೂತು ಟೀ ಕುಡಿದು ಊರವರನ್ನೆಲ್ಲ ಆಡಿಕೊಳ್ತಿದ್ವಿ. ನನಗೆ ಸ್ವಂತ ಅಕ್ಕ ಇರಲಿಲ್ಲ, ಇದ್ದಿದ್ರೂ ಅಷ್ಟು ಹಚ್ಚಿಕೊಳ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅದಕ್ಕೆ ಕಲ್ಲು ಬಿತ್ತು. ಅವತ್ತು ವಿಪರೀತ ಬಿಸಿಲು. ಅತ್ತಿಗೆ ಕೆಲಸ ಮುಗಿಸಿ ಬರ್ತಾ ಕಲ್ಲಂಗಡಿ ತಂದು, ಚೀಲದಿಂದ ತಮ್ಮ ಚಾಕು ತೆಗೆದು ಗಲ್ಲಿಯವರಿಗೆಲ್ಲ ಹೆಚ್ಚಿ ಕೊಟ್ರು. ಆ ಚಾಕು ಅವರು ಯಾರ ಕೈಗೂ ಕೊಡೋರಲ್ಲ, ಸಾಣೆಯೂ ಸ್ವಂತದ್ದೇ, ದಿನಾ ತಿಕ್ಕಿ ಹೊಳಪು ಇಡೋದೂ ಅವರೇ. ಬೀಗದಣ್ಣ "ಎಂಥಾ ಚಾಕು ತಾಯಿ" ಅಂದ. ಅತ್ತಿಗೆ ಬೀಗಿ, "ಫ್ರೆಂಚ್ ಕಣಯ್ಯ, ನಮ್ಮ ಹಳೇ ದೊಡ್ಡ ಅಡುಗೆಯವರು ನನಗೆ ಕೊಟ್ಟಿದ್ದು" ಅಂದ್ರು.

ನಾನು ಬಾಯಿ ತುಂಬ ಹಣ್ಣು ಇಟ್ಟುಕೊಂಡು ಆ ಕಡೆ ಒಮ್ಮೆ ಕಣ್ಣು ಹಾಯಿಸಿದೆ. ಗಂಟಿಲ್ಲ, ಹೆಸರಿಲ್ಲ, ಕನ್ನಡಿಯ ಹಾಗೆ ಹೊಳಪು. "ಫ್ರಾನ್ಸೂ ಇಲ್ಲ ಏನೂ ಇಲ್ಲ ಅತ್ತಿಗೆ. ಇದು ಹಿಂದಿನ ಬೀದಿ ಗುಜರಿಯಲ್ಲಿ ಹುಟ್ಟಿದ್ದು. ನಿಮ್ಮ ದೊಡ್ಡ ಅಡುಗೆಯವರು ನಿಮಗೆ ಚೆನ್ನಾಗಿ ಟೋಪಿ ಹಾಕಿದಾರೆ" ಅಂದೆ. ಗಲ್ಲಿ ಪೂರ್ತಿ ಬಿದ್ದು ಬಿದ್ದು ನಕ್ತು. ಅತ್ತಿಗೆ ಏನೋ ಹೇಳೋಕೆ ಬಾಯಿ ತೆರೆದ್ರು. ಒಮ್ಮೆ ಅಂಗಡಿಯ ಒಳಗೆ, ಅಪ್ಪ ಕೂತು ಹಣ್ಣು ತಿಂತಿದ್ದ ಕಡೆ ನೋಡಿದ್ರು. ಬಾಯಿ ಮುಚ್ಚಿ, ಚಾಕು ಒರೆಸಿ, ಚೀಲಕ್ಕೆ ಹಾಕಿಕೊಂಡು ಎದ್ದು ಹೋದ್ರು.

ಅವತ್ತಿಂದ ನನ್ನ ಹತ್ತಿರ ಒಂದು ಮಾತಿಲ್ಲ. ನಾನೂ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡೋಳು, ಇದ್ದದ್ದು ಹೇಳಿದ್ರೆ ಇಷ್ಟೊಂದಾ ಅಂತ ಸುಮ್ಮನಾದೆ. ಇಬ್ಬರ ನಡುವೆ ನಮ್ಮವರೇ ಅಂಚೆ. ಮೂರೂ ಜನ ಒಂದೇ ಮೆಟ್ಟಿಲ ಮೇಲೆ ನಿಂತಿರ್ತೀವಿ, ಅತ್ತಿಗೆ ಅವರಿಗೆ "ನಿನ್ನ ಹೆಂಡ್ತಿಗೆ ಹೇಳು, ಮೋಟಾರ್ ಆಫ್ ಮಾಡಲಿ" ಅಂತಾರೆ. ಅವರು ನನ್ನ ಕಡೆ ತಿರುಗಿ "ಮೋಟಾರ್ ಆಫ್ ಮಾಡಬೇಕಂತೆ" ಅಂತಾರೆ. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅತ್ತಿಗೆ ಹದಿನೈದು ದಿನ ನಮಗೆ ಅಡುಗೆ ಮಾಡಿ ಹಾಕಿದ್ರು. "ಊಟ ಮಾಡು" ಅನ್ನೋದನ್ನೂ ನಮ್ಮವರ ಬಾಯಲ್ಲೇ ಹೇಳಿಸಿದ್ರು.

ಈ ಶನಿವಾರ ಅವರ ಕೆಲಸದ ಕೊನೇ ದಿನ. ತಮ್ಮ ಜಾಗಕ್ಕೆ ಬರೋ ಹೆಂಗಸಿಗೆ ಆ ಚಾಕು ಕೊಡ್ತಾರಂತೆ. ಅದಕ್ಕೆ ಹಿಡಿ ಬೇಕು.

ಸರಿ, ಅಭಿಪ್ರಾಯ ಬೇಡ ತಾನೆ. ಚಾಕುವನ್ನ ಮೇಜಿಗೆ ಬಿಗಿದು, ಹಳೇ ಮೊಳೆ ಕೀಳೋಕೆ ಶುರು ಮಾಡಿದೆ. ಅಭಿಪ್ರಾಯ ತಾನಾಗೇ ಬಂತು.

"ನೋಡ್ರೀ ಈ ಮೊಳೆ" ಅಂತ ನಮ್ಮವರಿಗೆ ತೋರಿಸಿದೆ. "ಹಿತ್ತಾಳೆ ಹಾಕೋ ಕಡೆ ಯಾವನೋ ಪುಣ್ಯಾತ್ಮ ಕಬ್ಬಿಣದ್ದು ಜಡಿದಿದಾನೆ. ಅದೂ ಸೊಟ್ಟ."

"ಹೌದಾ" ಅಂದ್ರು.

"ಅಲಗು ನೋಡಿ. ಹೊಳಪು ಬರಲಿ ಅಂತ ಎರಡೂ ಮೈ ಉಜ್ಜಿದಾನೆ. ಇಲ್ಲಿ ಹೆಸರು ಇದ್ದಿದ್ರೂ ಅದರ ಜೊತೆಗೇ ಹೋಗಿದೆ. ಬುಡದಲ್ಲಿ ಗಂಟು ಕೂಡ..." ಅಂತ ಹೆಬ್ಬೆರಳಲ್ಲಿ ತಡವಿದೆ. ಗಂಟು ಇಲ್ಲದೇ ಇರೋದು ಬೇರೆ, ಸವೆಸಿ ತೆಗೆದಿರೋದು ಬೇರೆ. ಕಣ್ಣಿಗೆ ಎರಡೂ ಒಂದೇ. ಬೆರಳಿಗಲ್ಲ. "ಇದ್ದ ಗಂಟನ್ನ ಪೂರ್ತಿ ಸವೆಸಿ ಹಾಕಿದಾನೆ. ಈ ಕಟುಕನ ಕೈಗೆ ಸಾಣೆ ಕಲ್ಲು ಕೊಟ್ಟೋರು ಯಾರು ಅಂತೀನಿ."

ಹಿಡಿಯ ಮರ ಎರಡು ಹೋಳಾಗಿ ಬಿತ್ತು. ಒಳಗಿನ ಕಬ್ಬಿಣದ ಬಾಲ ಬುಡದಲ್ಲಿ ದಪ್ಪ, ಕೊನೆಗೆ ಹೋಗ್ತಾ ಎಲೆಯಷ್ಟು ತೆಳ್ಳಗೆ. ಮರದೊಳಗೆ ಇದ್ದದ್ದಕ್ಕೆ ಯಾವ ಕಲ್ಲೂ ಅದನ್ನ ಮುಟ್ಟಿರಲಿಲ್ಲ. ಹಾಗೆ ಬಡಿದು ಇಳಿಸೋ ಕೈ ಗುಜರಿಯಲ್ಲಿ ಇರಲ್ಲ. ಈರುಳ್ಳಿ ಹೆಚ್ಚಿ ಇಟ್ಟೆ. ಟೀ ತರಿಸೋ ಮೊದಲೇ ಅಲಗು ಕಪ್ಪಾಯ್ತು. ಫ್ರೆಂಚೇ. ಆ ಹೋಟೆಲಿನವನ ಆರನ್ನೂ ಒಟ್ಟಿಗೆ ಹಾಕಿದ್ರೂ ಇದರ ಕಾಲ ಧೂಳಿಗೂ ಸಮ ಇಲ್ಲ.

ಅಷ್ಟಕ್ಕೇ ಮುಗಿದಿದ್ರೆ, ಒಂದು ಸಲ ಕಣ್ಣು ತಪ್ಪಿತು ಅಂತ ನನ್ನನ್ನ ನಾನೇ ಕ್ಷಮಿಸಿಕೊಳ್ತಿದ್ದೆ. ಎಣ್ಣೆಬಟ್ಟೆಯಲ್ಲಿ ಬಾಲ ಒರೆಸಿದೆ. ತುಕ್ಕಿನ ಅಡಿಯಲ್ಲಿ ಗೀಚಿದ ಒಂದು ಗುರುತು ಎದ್ದು ಬಂತು.

ನಮ್ಮಪ್ಪನದು ಒಂದು ಪದ್ಧತಿ. ಹಿಡಿ ಯಾರೇ ಹಾಕಲಿ, ಮರ ಮುಚ್ಚೋ ಮೊದಲು ಬಾಲದ ಮೇಲೆ ತಮ್ಮ ಗುರುತು ಗೀಚಬೇಕು. ನಾಳೆ ಕೆಲಸ ಕೆಟ್ಟರೆ ಯಾರ ಕಿವಿ ಹಿಂಡಬೇಕು ಅಂತ ಗೊತ್ತಾಗಲಿ ಅಂತ. ಅಪ್ಪನದು ಒಂದು ಸುತ್ತು. ನನ್ನದು ಬಾಚಣಿಗೆ, ಒಂದು ಅಡ್ಡಗೆರೆ, ಅದಕ್ಕೆ ನಾಲ್ಕು ಹಲ್ಲು.

ಆ ಚಾಕುವಿನ ಮೇಲೆ ಬಾಚಣಿಗೆ ಇತ್ತು.

ಕೈ ಪಳಗೋ ಮೊದಲು ಅಂಕುಡೊಂಕಾಗಿ ಗೀಚಿದ ಬಾಚಣಿಗೆ, ನಾನು ಕಲ್ಲಿಗೆ ಕೂತ ಮೊದಲನೇ ವರ್ಷದ್ದು. ಸೊಟ್ಟ ಮೊಳೆಯ ಪುಣ್ಯಾತ್ಮ ನಾನು. ಕಟುಕ ನಾನು. ಹೆಸರು, ಗಂಟು, ಬಣ್ಣ, ಅದು ಫ್ರೆಂಚ್ ಅನ್ನೋದಕ್ಕೆ ಇದ್ದ ಅಷ್ಟೂ ಸಾಕ್ಷಿ ನನ್ನ ಕೈಯಾರೆ ಅಳಿಸಿ, ಆಮೇಲೆ ಸಾಕ್ಷಿ ಎಲ್ಲಿ ಅಂತ ನಾನೇ ಕೇಳಿ, ನಾಲ್ಕು ಜನರ ಮುಂದೆ ಅತ್ತಿಗೆಯ ಮಾನ ತೆಗೆದಿದ್ದೆ.

"ಯಾರಂತೆ ಆ ಕಟುಕ?" ನಮ್ಮವರು ಕುಕ್ಕರಿನಿಂದ ತಲೆ ಎತ್ತದೆ ಕೇಳಿದ್ರು.

"ಗೊತ್ತಾಗ್ತಿಲ್ಲ" ಅಂದೆ.

ನಿಜ ಹೇಳ್ತೀನಿ, ಮೂರು ದಿನ ನನ್ನ ಬುದ್ಧಿ ಏನೇನೋ ಲೆಕ್ಕ ಹಾಕ್ತು. ಹೊಸ ಮರ ಮುಚ್ಚಿಬಿಟ್ರೆ ಮುಗೀತು, ಇನ್ನು ಮೂವತ್ತು ವರ್ಷ ಯಾರಿಗೂ ಕಾಣಲ್ಲ. ಹೇಳಿದ್ರೆ, ಚಾಕು ಬಲ್ಲೋಳು ಅನ್ನೋ ಹೆಸರು ಗಲ್ಲಿಯಲ್ಲೇ ನೆಲ ಕಚ್ಚುತ್ತೆ, ನನಗೆ ಇರೋದು ಅದೊಂದೇ. ಆದರೆ ಸಂಜೆ ಐದಾದ್ರೆ ಮೇಲೆ ಅವರು ಒಬ್ಬರೇ ಟೀ ಕುಡಿಯೋ ಕಪ್ಪಿನ ಸದ್ದು ಕೆಳಗೆ ನಾನು ಒಬ್ಬಳೇ ಕುಡೀವಾಗ ಕೇಳ್ತದೆ. ನನಗೆ ಅತ್ತಿಗೆ ಬೇಕಿತ್ತು. ಹನ್ನೊಂದು ವರ್ಷದಿಂದ ಬೇಕಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೆ. ಕಪಾಟಿನಲ್ಲಿದ್ದ ಒಳ್ಳೇ ಕರಿಮರ ತೆಗೆದು, ಮೂರು ಹಿತ್ತಾಳೆ ಮೊಳೆ ಹಾಕಿ, ನನ್ನ ಜೀವಮಾನದಲ್ಲೇ ಚೆನ್ನಾಗಿರೋ ಹಿಡಿ ಮಾಡಿದೆ.

ಶನಿವಾರ ಬೆಳಿಗ್ಗೆ ಅತ್ತಿಗೆ ಕೆಲಸಕ್ಕೆ ಹೊರಟವರು ಚಾಕುವಿಗಾಗಿ ಅಂಗಡಿ ಮುಂದೆ ನಿಂತ್ರು. ನಮ್ಮವರು ಕೈ ಚಾಚಿದ್ರು. ನಾನು ಕೊಡಲಿಲ್ಲ.

"ಬೀಗದಣ್ಣ, ಸ್ವಲ್ಪ ಈಚೆ ಬನ್ನಿ" ಅಂತ ಕೂಗಿದೆ. ಪಾತ್ರೆ ಅಂಗಡಿಯವಳನ್ನೂ ಕರೆದೆ. ಅವತ್ತು ಎಷ್ಟು ಗಟ್ಟಿಯಾಗಿ ಹೇಳಿದ್ದೆನೋ ಅಷ್ಟೇ ಗಟ್ಟಿಯಾಗಿ ಹೇಳಿದೆ. "ಕಲ್ಲಂಗಡಿ ತಿಂದೋರೆಲ್ಲ ಕೇಳಿ. ಈ ಚಾಕು ಫ್ರೆಂಚ್. ನನ್ನ ಅಂಗಡಿಗೆ ಇವತ್ತಿನವರೆಗೆ ಇಂಥದ್ದು ಬಂದಿಲ್ಲ. ಇದನ್ನ ಉಜ್ಜಿ, ಸವೆಸಿ, ಗುರುತು ಸಿಗದ ಹಾಗೆ ಹಾಳು ಮಾಡಿದ್ದು ನಾನೇ. ಒಳಗೆ ನನ್ನ ಗುರುತು ಇದೆ. ಗೊತ್ತಿಲ್ಲದೆ ಅತ್ತಿಗೆಯನ್ನ ಹಂಗಿಸಿದೆ. ತಪ್ಪು ನಂದು."

ಬೀಗದಣ್ಣ ನಗಲಿಲ್ಲ. ಅತ್ತಿಗೆ ತಮ್ಮನ ಕಡೆ ತಿರುಗಿದ್ರು.

"ನಿನ್ನ ಹೆಂಡ್ತಿಗೆ ಹೇಳು, ನನಗೆ ಗೊತ್ತಿತ್ತು ಅಂತ."

"ಅವಳಿಗೆ ಗೊತ್ತಿತ್ತಂತೆ" ಅಂದ್ರು ನಮ್ಮವರು.

"ಗೊತ್ತಿತ್ತಾ?" ಅಂದೆ. "ಹೇಗೆ?"

"ಹೇಗೆ ಅಂತ ಕೇಳ್ತಾಳೆ" ಅಂತ ನಮ್ಮವರು ಶುರು ಮಾಡಿದ್ರು.

"ನೀನು ಸ್ವಲ್ಪ ಸುಮ್ಮನಿರು" ಅಂತ ಅತ್ತಿಗೆ ಅವರನ್ನ ಪಕ್ಕಕ್ಕೆ ಸರಿಸಿ ನನ್ನ ಮುಂದೆ ಬಂದ್ರು. "ಸಾಣೆಗೆ, ಹೊಸ ಹಿಡಿಗೆ ಅಂತ ನಿನ್ನ ಕೈಗೆ ತಂದುಕೊಟ್ಟಿದ್ದು ನಾನೇ ಕಣೇ. ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ನಿಮ್ಮಪ್ಪ ಇರಲಿಲ್ಲ, ನೀನಿದ್ದೆ. ತಿರುಗಿ ತಗೊಳ್ಳೋಕೆ ಬಂದಾಗ ನೀನು ಇದನ್ನ ಈ ಅವತಾರದಲ್ಲಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಬಯ್ಯೋಣ ಅಂತ ಬಾಯಿ ತೆರೆದೆ, ನಿನ್ನ ಮುಖ ನೋಡಿದೆ. ಅಷ್ಟು ಖುಷಿಯಾಗಿದ್ದೆ ನೀನು. ಚಾಕು ಹಾಳಾಯ್ತು, ಹುಡುಗಿನಾದ್ರೂ ನಮ್ಮ ಮನೆಗೆ ಬರಲಿ ಅಂತ ತಮ್ಮನಿಗೆ ನಿನ್ನನ್ನ ಕೇಳಿದೆ."

ನಮ್ಮವರು ಮೊದಲ ಸಲ ಆ ಚಾಕುವನ್ನ ಸರಿಯಾಗಿ ನೋಡಿದ್ರು.

"ಮತ್ತೆ ಕಲ್ಲಂಗಡಿ ದಿನ ಯಾಕೆ ಹೇಳಲಿಲ್ಲ? ಬಾಯಿ ಮುಚ್ಚಿಸಬಹುದಿತ್ತಲ್ಲ ನಂದು."

"ಒಳಗೆ ನಿಮ್ಮಪ್ಪ ಕೂತಿದ್ರು. ಚಾಕು ವಿಷಯದಲ್ಲಿ ನನ್ನ ಮಗಳ ಕಣ್ಣು ತಪ್ಪಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡ್ತಿದ್ರು. ಅವರ ಮುಂದೆ ಹೇಗೆ ಹೇಳಲಿ? ಕೋಪ ಅಂತೂ ನೆತ್ತಿಗೇರಿತ್ತು. ನಿನ್ನ ಹತ್ತಿರ ಬಾಯಿ ಬಿಟ್ರೆ ಅದೇ ಮಾತು ಬರ್ತಿತ್ತು. ಅದಕ್ಕೆ ಬಿಡಲಿಲ್ಲ."

"ಅಪ್ಪ ಹೋಗಿ ನಾಲ್ಕು ವರ್ಷ ಆಯ್ತಲ್ಲ" ಅಂದೆ.

"ಅಷ್ಟರಲ್ಲಿ ಅಭ್ಯಾಸ ಆಗೋಗಿತ್ತು" ಅಂದ್ರು.

ಚಾಕು ಕೊಟ್ಟೆ. ಅವರು ಹೊಸ ಹಿಡಿ ಹಿಡಿದು ನೋಡಿದ್ರು, ಮೊಳೆಗಳ ಮೇಲೆ ಬೆರಳಾಡಿಸಿದ್ರು. "ಸೊಟ್ಟ ಇಲ್ಲ" ಅಂದ್ರು. ಪೇಪರ್ ಸುತ್ತಿ ಚೀಲಕ್ಕೆ ಹಾಕಿಕೊಂಡು ನಾಲ್ಕು ಹೆಜ್ಜೆ ಹೋದವರು ನಿಂತು, ಕಣ್ಣು ಒರೆಸಿಕೊಂಡು, ತಮ್ಮನ ಕಡೆ ತಿರುಗಿದ್ರು.

"ನಿನ್ನ ಹೆಂಡ್ತಿಗೆ ಹೇಳು, ಸಂಜೆ ಐದಕ್ಕೆ ಬರ್ತೀನಿ, ಟೀ ಇಟ್ಟಿರಲಿ."

ನಮ್ಮವರು ನನ್ನ ಕಡೆ ತಿರುಗಿ ಬಾಯಿ ತೆರೆದ್ರು.

"ಕೇಳಿಸ್ತು ಅತ್ತಿಗೆ" ಅಂದೆ. "ಬನ್ನಿ."