ಮಂಗಳವಾರದ ಪ್ರಶ್ನೆ

"ಅಯ್ಯಾರ, ಹಣಿಗೆ ಇನ್ನಷ್ಟು ವಿಭೂತಿ ಹಚ್ಚರಿ," ಎನ್ನುತ್ತ ಚಂದ್ರವ್ವ ಗೋಡೆಗೆ ಒರಗಿಸಿ ಕೂರಿಸಿದ್ದ ಅಕ್ಕ ಶಿವಲಿಂಗವ್ವನ ತಲೆ ವಾಲದಂತೆ ಗದ್ದ ಹಿಡಿದಳು. ಪಡಸಾಲೆಯಲ್ಲಿ ಭಜನೆ ನಡೆದಿತ್ತು. ಸತ್ತ ಶಿವಲಿಂಗವ್ವನ ಗಂಡ ಗುರುಪಾದಪ್ಪ, ಖಾನಾಪುರದ ತಾಲೂಕು ಕಚೇರಿಯ ಹೆಡ್ ಕ್ಲಾರ್ಕ್, ಕಂಬದ ಬುಡದಲ್ಲಿ ಕುಸಿದು ಕೂತಿದ್ದ.

ಕಚೇರಿಯ ಗೆಳೆಯ ಮಾರ್ತಾಂಡ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ನಿನ್ನಿಯಿಂದ ಏನರ ತಿಂದಿಯೇನೋ?"

ಗುರುಪಾದಪ್ಪ ಬಾಯಿ ತೆರೆದ.

"ಹೊಟ್ಟಿ ತುಂಬ ಉಂಡಾರ್ರಿ," ಎಂದಳು ಚಂದ್ರವ್ವ. "ಅವರಿಗೇನಾಗೇತಿ? ಗಟ್ಟಿ ಅದಾರ."

ಎದುರು ಮನೆಯ ಗಂಗೂಬಾಯಿ ಚಹಾ ತಂದಳು. "ತಗೊಳ್ರಿ, ಬಾಯಿ ಒಣಗೇತಿ."

"ಅವರಿಗೆ ಬ್ಯಾಡ." ಕಪ್ಪು ಇಸಿದುಕೊಂಡು ಚಂದ್ರವ್ವನೇ ಕುಡಿದಳು. ನಾಚಿಕೆ? ಎಳ್ಳಷ್ಟೂ ಇಲ್ಲ. ಹೊಟ್ಟೆ ತಣ್ಣಗಾಯಿತು.

"ಅವರ ಬಾಯಿಲೇ ಹೇಳಲಿ ಬಿಡವಾ," ಗಂಗೂಬಾಯಿ ಪಿಸುಗುಟ್ಟಿದಳು.

"ಎಂಟು ತಿಂಗಳು ನಮ್ಮಕ್ಕನ ಸಲುವಾಗಿ ಒಬ್ಬರರ ಹಿಂಗ ಅಂದಿರೇನು?"

*

ಆ ಎಂಟು ತಿಂಗಳಲ್ಲಿ ಮೊದಲ ಆರು ತಿಂಗಳು, ಪ್ರತಿ ಮಂಗಳವಾರ, ಗಂಡ ಹೆಂಡತಿ ಬಸ್ಸಿನಲ್ಲಿ ಬೆಳಗಾವಿಯ ದವಾಖಾನೆಗೆ ಹೋಗುತ್ತಿದ್ದರು. ಗರ್ಭಕೋಶದ ಕ್ಯಾನ್ಸರ್. ವಾಸಿಯಾಗುವುದಿಲ್ಲ, ನೋವಿಗೆ ಗುಳಿಗೆ ಕೊಡಬಹುದಷ್ಟೇ ಎಂದಿದ್ದರು ಡಾಕ್ಟರು. ಗುಳಿಗೆ ಕೊಡುವ ಮುಂಚೆ ಅಲ್ಲಿನ ನರ್ಸ್ ಸುಮನ್ ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು: ನಿದ್ದಿ ಬರತೈತೇನು? ಅಳು ಬರತೈತೇನು? ಸಾಕು ಈ ಜೀವ ಅನಸತೈತೇನು? 'ಹೌದು' ಎಂದವರನ್ನು ಒಳಗೆ ಕೂರಿಸಿಕೊಂಡು ಮಾತಾಡಿಸುತ್ತಿದ್ದಳು, ಡಾಕ್ಟರಿಗೆ ಹೇಳಿ ಅದಕ್ಕೂ ಔಷಧ ಕೊಡಿಸುತ್ತಿದ್ದಳು.

ಶಿವಲಿಂಗವ್ವನ ಸರದಿ ಬಂದರೆ ಗುರುಪಾದಪ್ಪನೇ ಮುಂದೆ. "ಛೇ, ಮನ್ಯಾಗ ಏನು ಕಮ್ಮಿ ಮಾಡೇವ್ರಿ? ಆರಾಮ ಅದಾಳ." ಆಕೆ ತುಟಿ ಅಲುಗಿಸಿದರೆ, "ನೀ ಸುಮ್ಕಿರು, ನಿನಗೇನ್ ತಿಳೀತೈತಿ!"

ಒಂದೇ ಒಂದು ಮಂಗಳವಾರ ಅವನಿಗೆ ರಜೆ ಸಿಗದೆ ಚಂದ್ರವ್ವ ಜೊತೆಗೆ ಹೋದಳು. ಸುಮನ್ ಕೇಳಿದಾಗ ಶಿವಲಿಂಗವ್ವ ಮೊದಲು ಬಾಗಿಲ ಕಡೆ ನೋಡಿ ಗಂಡನಿಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಮೂರು ತಿಂಗಳಾತವ್ವಾ, ನಿದ್ದಿಲ್ಲ. ಹಿತ್ತಲ ಬಾವಿ ಕಂಡರ ಹಾರಬೇಕನಸತೈತಿ."

ಸುಮನ್ ಅರ್ಧ ತಾಸು ಆಕೆಯ ಕೈ ಹಿಡಿದು ಕೂತಳು. ವಾಪಸ್ ಬರುವಾಗ ಬಸ್ಸಿನಲ್ಲಿ ಶಿವಲಿಂಗವ್ವ ತಂಗಿಯ ಹೆಗಲಿಗೆ ಒರಗಿ ನಿದ್ದೆಹೋದಳು. ಖರೇ ನಿದ್ದೆ.

ಸಂಜೆ ಚಂದ್ರವ್ವ ಭಾವನಿಗೆ ಎಲ್ಲ ಹೇಳಿದಳು. ತಪ್ಪಾದದ್ದು ಅಲ್ಲೇ. "ಮಂದಿ ಮುಂದ ಮನಿ ಮಾನ ಕಳದ್ಲು," ಎಂದ ಗುರುಪಾದಪ್ಪ ಮರುದಿನವೇ ಬಾವಿಗೆ ತಗಡು ಬಡಿಸಿದ. ಆಮೇಲೆ ಗುಳಿಗೆ ತರಲು ತಾನೊಬ್ಬನೇ ಹೋಗತೊಡಗಿದ. ಶಿವಲಿಂಗವ್ವ ಸತ್ತದ್ದು ರೋಗದಿಂದಲೇ. ಆದರೆ ಕೊನೆಯ ಎರಡು ತಿಂಗಳು ಯಾರ ಕೂಡೆಯೂ ಮಾತಾಡಲಿಲ್ಲ.

*

ಮಧ್ಯಾಹ್ನ ಆಕೆಯನ್ನು ಸ್ಮಶಾನದಲ್ಲಿ ತೋಡಿದ ಕುಣಿಯೊಳಗೆ ಕೂರಿಸಿದರು. ಅಯ್ಯನವರು ಕೇಳಿದರು, "ಗುರುಪಾದಪ್ಪಾ, ಕಡೀಕ ಏನರ ಹೇಳ್ತಿಯೇನು ಆಕಿಗೆ?"

ಅವನು ಅಂಚಿಗೆ ಬಂದ. ಗಲ್ಲದ ಮೇಲೆ ನೀರಿಳಿಯುತ್ತಿತ್ತು. "ಶಿವೂ, ನಾ ನಿನಗ..."

"ಏನಿಲ್ರಿ," ಎಂದಳು ಚಂದ್ರವ್ವ. "ಅವರಿಗೇನೂ ಹೇಳೂದಿಲ್ಲ. ಮಣ್ಣ ಎಳೀರಿ."

ಸಲಿಕೆಗಳು ಎದ್ದವು. ಮಣ್ಣು ಶಿವಲಿಂಗವ್ವನ ಮಡಿಲು ತುಂಬಿ ಎದೆಗೇರಿತು. ಗುರುಪಾದಪ್ಪ ತೆರೆದ ಬಾಯಿ ಮುಚ್ಚದೆ ನಿಂತೇ ಇದ್ದ. ಗಾಳಿಗೆ ಹಾರಿದ ಕೆಂಪು ಧೂಳು ಅವನ ನಾಲಿಗೆಯ ಮೇಲೆ ಕೂರುತ್ತಿತ್ತು.